ಸಿಂಧೂರ ಮೆತ್ತಿದ ಕೀಲು

ಸಾಂಗಲಿ
5 ಫೆಬ್ರವರಿ 1995

ಗಿರಿವಾಟ ಮಂಡಳಿಯ ಶೋಕಸಭೆಯಲ್ಲಿ ನೆರೆದಿರುವ ಎಲ್ಲರಿಗೂ,

ನೀವು ಬಂದಿದ್ದೀರಿ, ಅದಕ್ಕಾಗಿ ಮೊದಲು ಕೃತಜ್ಞತೆ ಹೇಳುತ್ತೇನೆ. ನಿಮ್ಮಲ್ಲಿ ಹಲವರು ನನ್ನ ಮಗಳು ಕೇತಕಿಯ ದೇಹವನ್ನು ಜೋಗಿಣಿ ಸುಳಕೆ ಎಂಬ ಸೂಜಿಯಂಥ ಬಂಡೆಯಿಂದ ಇಳಿಸಿ, ಕಾಡಿನ ದಾರಿಯಲ್ಲಿ ಹೆಗಲು ಬದಲಿಸುತ್ತ ರಸ್ತೆಯವರೆಗೆ ತಂದಿರಿ. ನಿಮ್ಮ ಅಂಗೈಗಳು ಹರಿದಿದ್ದವೆಂದು ಕೇಳಿದೆ. ಅದನ್ನು ಮರೆಯುವವನು ನಾನಲ್ಲ.

ಆದರೆ ಇಂದು ನೀವು ನನಗೆ ಕೊಡಲಿರುವ ಅನುಕಂಪವನ್ನು ನಾನು ಸ್ವೀಕರಿಸುವುದಿಲ್ಲ. ಇದು ಅಹಂಕಾರದ ಮಾತಲ್ಲ. ಅನುಕಂಪವನ್ನು ಒಪ್ಪಿಕೊಂಡವನು ಅದರ ಜೊತೆಗೆ ಬಂದ ವಿವರಣೆಯನ್ನೂ ಒಪ್ಪಿಕೊಂಡಂತೆ ಆಗುತ್ತದೆ. ಕೇತಕಿ ಮೂರನೆಯ ಹಂತದ ತುದಿಯ ಕಲ್ಲುಕಟ್ಟೆಯನ್ನು ತಲುಪಿದ ಮೇಲೆ ತನ್ನನ್ನು ಬಂಡೆಗೆ ಹೊಡೆದ ಕಬ್ಬಿಣದ ಕೀಲಿಗೆ ಕಟ್ಟಿಕೊಳ್ಳಲು ಮರೆತಳು, ಕಾಲು ಜಾರಿದಳು, ಎಂದು ಬಂಡೆ ಏರುವವರ ನಿಮ್ಮ ಮಂಡಳಿ ಪೊಲೀಸರಿಗೆ ಬರೆದುಕೊಟ್ಟಿದೆ. ಆ ವಾಕ್ಯ ನನ್ನ ಕಣ್ಣಿಗೆ ಬಿದ್ದ ಕ್ಷಣದಿಂದ ನಾನು ಅಳುವುದನ್ನು ಮುಂದಕ್ಕೆ ಹಾಕಿದ್ದೇನೆ.

ಅವಳು ಹೈಸ್ಕೂಲಿನಲ್ಲಿದ್ದಾಗಿನಿಂದ ನಮ್ಮ ಹಿತ್ತಲಿನ ಬೇವಿನ ಮರ ಹತ್ತಿ ಅಭ್ಯಾಸ ಮಾಡುತ್ತಿದ್ದಳು. ಕೆಳಗೆ ಹಗ್ಗ ಹಿಡಿಯುವ ಕೆಲಸ ನನ್ನದು. ನಾನು ಸಕ್ಕರೆ ಕಾರ್ಖಾನೆಯಿಂದ ದಣಿದು ಬಂದು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಪತ್ರಿಕೆ ಹಿಡಿದರೆ ಮರದ ಮೇಲಿಂದಲೇ ಗದರುತ್ತಿದ್ದಳು. ಏರುವ ಮುಂಚೆ ತನ್ನ ಗಂಟು ನೋಡಿ, ನನ್ನ ಗಂಟು ನೋಡಿ, ಎಲ್ಲ ನೋಡಿದ ಮೇಲೂ ಬಾಯಿಬಿಟ್ಟು ಕೇಳುತ್ತಿದ್ದಳು: "ಬಾಬಾ, ಕಟ್ಟಿಕೊಂಡೀರೇನು?" ನಾನು ಹೂಂ ಎನ್ನುವವರೆಗೂ ಕಾಲೆತ್ತುತ್ತಿರಲಿಲ್ಲ.

ಅಂಥವಳು ಕಟ್ಟಿಕೊಳ್ಳಲು ಮರೆತಳು ಎಂಬುದು ನಿಮ್ಮ ಪ್ರತಿಪಾದನೆ. ಕಾಲೇಜಿನ ಚರ್ಚಾಕೂಟಗಳಲ್ಲಿ ನಾನು ಚೀಟಿ ಎತ್ತಿದಾಗ ಬಂದ ಪಕ್ಷವನ್ನೇ ಸಮರ್ಥಿಸಿ ಬಹುಮಾನ ಗೆದ್ದವನು. ಮಾತಿನಿಂದ ಏನನ್ನೆಲ್ಲ ನಿಲ್ಲಿಸಬಹುದು ಎಂಬುದನ್ನು ಬಲ್ಲೆ. ಆದ್ದರಿಂದ ಮಾತು ಬೇಡ, ಪುರಾವೆ ಕೊಡಿ.

ಬರುವ ದಸರೆಯ ಖಂಡೇ ನವಮಿಗೆ, ಎಂದಿನಂತೆ, ಹೊಸ ಹುಡುಗ ಹುಡುಗಿಯರನ್ನು ಜೋಗಿಣಿಯ ಮೇಲೆ ಕರೆದೊಯ್ಯುವುದಾಗಿಯೂ, ಅಲ್ಲಿ ಕೇತಕಿಯ ಹೆಸರಿನಲ್ಲಿ ಒಂದು ಹೊಸ ಕೀಲು ಹೊಡೆದು ಸಿಂಧೂರ ಹಚ್ಚುವುದಾಗಿಯೂ ನಿಮ್ಮ ಸಂಸ್ಥಾಪಕರಾದ ಅಣ್ಣಾ ಕಾರಖಾನೀಸರು ತಿಳಿಸಿದ್ದಾರೆ. ನನ್ನ ಮಗಳು ಹೇಗೆ ಸತ್ತಳು ಎಂದು ತಿಳಿಯುವ ಮುಂಚೆ ಅವಳನ್ನು ದೇವರಾಗಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಅಂದು ಅವಳ ಜೊತೆ ಇದ್ದದ್ದು ಒಬ್ಬನೇ. ನಾನು ಅವನಿಗೆ ಬರೆಯುತ್ತೇನೆ.

ವಾಸುದೇವ ಖಾಂಬೇಟೆ


ಜುನ್ನರ
24 ಫೆಬ್ರವರಿ 1995

ತೀರ್ಥರೂಪ ಕಾಕಾ ಅವರಿಗೆ ಇಂದ್ರಜಿತ ಧಮಢೇರೆಯ ಸಾಷ್ಟಾಂಗ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಬಲಗಡೆಯ ಕೊರಳೆಲುಬು ಮುರಿದಿದ್ದರಿಂದ ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಬೇಕು. ಶಾಲೆಗೆ ರಜೆ ಹಾಕಿದ್ದೇನೆ. ಮಕ್ಕಳು ಭೂಗೋಳದ ಪಾಠ ತಪ್ಪಿತೆಂದು ಖುಷಿಯಾಗಿದ್ದಾರೆ.

ಆ ದಿನದ ಬಗ್ಗೆ ಕೇಳಿದ್ದೀರಿ. ಬುಡದಲ್ಲಿ ತೆಂಗಿನಕಾಯಿ ಒಡೆದೆವು. ಕಾಯಿ ಕೊಳೆತಿತ್ತು. ನಾನು ಇನ್ನೊಂದು ತರೋಣ ಎಂದೆ. ಕೇತಕಿ ನಕ್ಕಳು. "ಅಂಗಡಿಯವ ಮೋಸ ಮಾಡಿದ್ರ ಜೋಗಿಣಿಗೇನು ಸಿಟ್ಟು? ಕಟ್ಟಿಕೊಂಡೀಯೇನು?" ಎಂದಳು.

ಮೊದಲ ಹಂತ ನನ್ನದು. ಅದೊಂದು ಆಳವಾದ ಬಿರುಕು. ಒಂದು ಗೋಡೆಗೆ ಬೆನ್ನು, ಇನ್ನೊಂದಕ್ಕೆ ಕಾಲು ಕೊಟ್ಟು ಹುಳದ ಹಾಗೆ ಮೇಲೆ ಸರಿಯಬೇಕು. ಒಳಗೆಲ್ಲ ಬಾವಲಿ. ಅರ್ಧಕ್ಕೆ ಉಸಿರು ಕಟ್ಟಿ ನಿಂತೆ.

"ಏ ಇಂದ್ಯಾ, ಒಳಗ ಸಂಸಾರ ಹೂಡೀಯೇನು? ಹಗ್ಗ ಮುಂದ ಹೋಗವಲ್ದು."

"ಮಾರಿ ತುಂಬ ಬಾವಲಿ ಹಿಕ್ಕಿ ಬಿದ್ದದ."

"ಹಂಗಾದ್ರ ಇವತ್ತರೆ ಚಂದ ಕಾಣ್ತಿರಬೇಕು. ಒರಸಿಕೋಬ್ಯಾಡ, ನಾ ಬಂದು ನೋಡ್ತೀನಿ."

ಎರಡನೆಯ ಹಂತ ಅವಳದು. ಒಣಹುಲ್ಲು, ಕೈಯಿಟ್ಟರೆ ಕಳಚುವ ಕಲ್ಲು. ಅಲ್ಲಿ ಬಲಕ್ಕಿಂತ ತಾಳ್ಮೆ ಬೇಕು. ಪ್ರತಿ ಕಲ್ಲನ್ನೂ ಬೆರಳಿನಿಂದ ಬಡಿದು, ಸದ್ದು ಕೇಳಿ, ಆಮೇಲೆ ಹಿಡಿಯುತ್ತಿದ್ದಳು. ಕೆಳಗೆ ನಿಂತ ನನ್ನ ಕುತ್ತಿಗೆ ನೋಯುತ್ತಿತ್ತು. "ಸಂತಿಯೊಳಗ ಗಡಿಗಿ ಕೊಳ್ಳೂಹಂಗ ಬಡದು ನೋಡ್ತೀಯಲ್ಲ" ಎಂದೆ. "ಸೋರೂ ಗಡಿಗಿ ನಿನ್ನ ತಲಿ ಮ್ಯಾಲ ಬಿದ್ದಾಗ ತಿಳೀತದ" ಎಂದಳು. ಕಟ್ಟೆಯ ಮೇಲೆ ಕೂತು ಭಾಕರಿ ಮತ್ತು ಹಸಿಮೆಣಸಿನಕಾಯಿ ಠೇಚಾ ತಿಂದೆವು.

ಮೂರನೆಯ ಹಂತವನ್ನೂ ತಾನೇ ಏರುತ್ತೇನೆಂದಳು. ಏರಿದಳು. ಕಟ್ಟೆ ತಲುಪಿದಳು. ನಾನು ಅವಳ ಹಿಂದೆ ಏರತೊಡಗಿದೆ. ಅವಳು ಕಟ್ಟಿಕೊಂಡಿರಲಿಲ್ಲ ಅನ್ನಿಸುತ್ತದೆ. ಜಾರಿದಳು. ನಮ್ಮಿಬ್ಬರ ನಡುವಿನ ಹಗ್ಗ ನನ್ನ ಮೇಲ್ಗಡೆಯ ಒಂದು ಕಲ್ಲಿನ ಕೊಂಬಿಗೆ ಸಿಕ್ಕಿಕೊಂಡಿದ್ದರಿಂದ ನಾನು ಉಳಿದೆ.

ಅವಳು ಕೊನೆಗೆ ಏನಾದರೂ ಅಂದಳೇ ಎಂದು ಕೇಳಿದ್ದೀರಿ. ಏನೂ ಅನ್ನಲಿಲ್ಲ.

ಮನೆಯಲ್ಲಿ ಕಾಕೂಗೆ ನಮಸ್ಕಾರ ತಿಳಿಸಿ.

ಇಂದ್ರಜಿತ


ಸಾಂಗಲಿ
6 ಮಾರ್ಚ್ 1995

ಶ್ರೀ ಇಂದ್ರಜಿತ ಧಮಢೇರೆ ಅವರಿಗೆ,

ನಿಮ್ಮ ಪತ್ರವನ್ನು ಹಲವು ಬಾರಿ ಓದಿದೆ. ಮೊದಲೆರಡು ಹಂತಗಳಲ್ಲಿ ಬಾವಲಿಯಿದೆ, ಠೇಚಾ ಇದೆ, ನನ್ನ ಮಗಳ ನಗುವಿದೆ. ಮೂರನೆಯ ಹಂತದಲ್ಲಿ ಎಲ್ಲವೂ ಒಂದೆರಡು ಶಬ್ದಗಳ ವಾಕ್ಯಗಳಾಗಿವೆ. ಏರಿದಳು. ಜಾರಿದಳು. ನೋಡಿದ್ದನ್ನು ಹೇಳುವವನಿಗೆ ಉಸಿರು ಅಷ್ಟು ಕಡಿಮೆಯಾಗುವುದಿಲ್ಲ.

"ಕಟ್ಟಿಕೊಂಡಿರಲಿಲ್ಲ ಅನ್ನಿಸುತ್ತದೆ" ಎಂದಿದ್ದೀರಿ. ಪೊಲೀಸರ ಮುಂದಿನ ಹೇಳಿಕೆಯಲ್ಲಿ "ಅನ್ನಿಸುತ್ತದೆ" ಇಲ್ಲ.

ಇನ್ನೊಂದು ಸಂಗತಿ. ಕೇತಕಿಯ ಸಾಮಾನುಗಳು ಮನೆಗೆ ಬಂದವು. ಅವಳ ಸೊಂಟಪಟ್ಟಿಯಿಂದ ಇಳಿಬಿದ್ದ ಉಕ್ಕಿನ ಕೊಂಡಿಯ ಬಾಯಿಯಲ್ಲಿ ಏನೋ ಕೆಂಪಗೆ ಸಿಕ್ಕಿಕೊಂಡಿತ್ತು. ರಕ್ತವೆಂದು ಭಾವಿಸಿ ಅವಳ ತಾಯಿ ಮುಟ್ಟಲಿಲ್ಲ. ನಾನು ಬಿಡಿಸಿ ತೆಗೆದೆ. ರಕ್ತವಲ್ಲ. ಈರುಳ್ಳಿಯ ಹಾಗೆ ಪದರು ಪದರಾಗಿ ಗಟ್ಟಿಯಾದ ಚಕ್ಕೆ. ಮೂಗಿಗೆ ಹಿಡಿದರೆ ಹಳೆಯ ಎಣ್ಣೆಯ ವಾಸನೆ. ಮಾರುತಿಯ ಗುಡಿಯಲ್ಲಿ ಬರುವ ವಾಸನೆ.

ಇದು ಎಲ್ಲಿಂದ ಬಂತು? ಆ ಬಂಡೆಯ ಮೇಲೆ ಸಿಂಧೂರ ಇರುವ ಜಾಗ ಯಾವುದು? ಅವಳ ಕೊಂಡಿ ಆ ಜಾಗಕ್ಕೆ ತಗುಲದೆ ಇದು ಅದರ ಬಾಯಿಗೆ ಹೇಗೆ ಹೋಯಿತು?

ಉತ್ತರವನ್ನು ನಿರೀಕ್ಷಿಸುತ್ತೇನೆ. ಕೈ ಗುಣವಾಗುವವರೆಗೆ ಕಾಯುವ ತಾಳ್ಮೆ ನನಗಿದೆ.

ವಾ. ಖಾಂಬೇಟೆ


ಜುನ್ನರ
11 ಜೂನ್ 1995

ತೀರ್ಥರೂಪ ಕಾಕಾ,

ಮೂರು ತಿಂಗಳು ಉತ್ತರಿಸಲಿಲ್ಲ. ಕೈ ಎಂದೋ ಗುಣವಾಗಿದೆ. ಸುಳ್ಳು ಹೇಳಲಾರೆ.

ಅವಳು ಕಟ್ಟಿಕೊಂಡಿದ್ದಳು. ಕೀಲು ಕಿತ್ತು ಬಂತು.

ಜೋಗಿಣಿಯನ್ನು ಮೊಟ್ಟಮೊದಲು ಏರಿದವರು ಅಣ್ಣಾ. ನಾನು ಹುಟ್ಟುವ ಮುಂಚಿನ ಮಾತು. ಪ್ರತಿ ಹಂತದ ತುದಿಯ ಕಟ್ಟೆಯಲ್ಲಿ ಒಂದೊಂದು ಕೀಲನ್ನು ಅವರೇ ಕೈಯಾರೆ ಹೊಡೆದರು. ಆಮೇಲೆ ಏರಿದವರೆಲ್ಲ ಅವಕ್ಕೇ ತೂಗುಬಿದ್ದವರು. ಖಂಡೇ ನವಮಿಗೆ ಊರಿನವರು ಕೊಡಲಿ ಕುಡಗೋಲು ಪೂಜಿಸುವ ಹಾಗೆ ನಾವು ಹಗ್ಗ, ಸುತ್ತಿಗೆ ಪೂಜಿಸುತ್ತೇವೆ. ಬಳಿಕ ಮೇಲೇರಿ ಅಣ್ಣಾನ ಕೀಲುಗಳಿಗೆ ಎಣ್ಣೆ ಸಿಂಧೂರ ಹಚ್ಚುತ್ತೇವೆ. ವರ್ಷವರ್ಷವೂ ಒಂದು ಪದರು. ಈಗ ಕೀಲು ಕಾಣುವುದಿಲ್ಲ, ಕೊಂಡಿ ಹಾಕುವ ಬಳೆಯೊಂದು ಹೊರಗೆ ಉಳಿದ ಕೆಂಪು ಉಂಡೆ ಕಾಣುತ್ತದೆ. ಯಾರೋ ಭಕ್ತರು ಅದಕ್ಕೆ ಹಿತ್ತಾಳೆಯ ಕಣ್ಣು ಅಂಟಿಸಿದ್ದಾರೆ. ಅದನ್ನು ಸುತ್ತಿಗೆಯಿಂದ ಬಡಿದು ನೋಡುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕೀಲನ್ನು ಹೊಡೆಯುವುದೂ ಇಲ್ಲ. ಹಣೆ ಮುಟ್ಟಿಸಿ, ಕೊಂಡಿ ಹಾಕಿ, ತೂಗುಬೀಳುತ್ತೇವೆ. ಅದೇ ನಮ್ಮ ರೂಢಿ.

ಕೇತಕಿ ಕಟ್ಟೆ ತಲುಪಿದವಳು ಕೂಗಿದಳು.

"ಇಂದ್ಯಾ, ಇಲ್ಲಿ ಕೀಲ ಇಲ್ಲೋ. ಗಣಪತಿ ಕೂತಾನ. ನನ್ನ ಮಾರಿ ನೋಡ್ಲಿಕ್ಕತ್ತಾನ."

"ಕೈ ಮುಗದು ಕೊಂಡಿ ಹಾಕು."

"ಒಂದೇಟು ಬಡದು ನೋಡ್ಲೇನು? ಇಲ್ಲಾಂದ್ರ ಬಾಜೂಕ ಹೊಸಾದೊಂದು ಹೊಡೀತೀನಿ. ಬೈರಿಗಿ ತಂದೀನಿ."

"ಬ್ಯಾಡ ತಾಯಿ. ಅಣ್ಣಾಗ ಗೊತ್ತಾದ್ರ ನನ್ನ ಮಂಡಳಿಯಿಂದ ಓಡಸ್ತಾರ."

"ಅಂಜುಬುರುಕ."

ಆಮೇಲೆ ಕೊಂಡಿ ಮುಚ್ಚಿದ ಸದ್ದು ಕೇಳಿತು. ಕಾಕಾ, ಎಲ್ಲದಕ್ಕೂ ಎದುರು ಮಾತಾಡುವವಳು ಅಂದು ಒಂದೇ ಒಂದು ಬಾರಿ ನನ್ನ ಮಾತು ಕೇಳಿದಳು.

ಆಸ್ಪತ್ರೆಗೆ ಅಣ್ಣಾ ಬಂದರು. ಅಪ್ಪ ತೀರಿಕೊಂಡ ವರ್ಷ ನನಗೆ ಗಂಟು ಹಾಕಲು ಕಲಿಸಿದವರು ಅವರು. ಮಂಚದ ಪಕ್ಕ ಕೂತು ಮೋಸಂಬಿ ಸುಲಿಯುತ್ತ ಅತ್ತರು.

"ಪೋರಾ, ಆಕಿ ಹೋದ್ಲು, ತಿರುಗಿ ಬರೂದಿಲ್ಲ. ಕೀಲ ಕಿತ್ತು ಬಂತು ಅಂದ್ರ ನಾಳೆ ಒಬ್ಬ ತಾಯಿನೂ ತನ್ನ ಕೂಸಿನ್ನ ನಮ್ಮ ಜೋಡಿ ಕಳಸೂದಿಲ್ಲ. ಆಕಿ ಒಂದು ಗಂಟು ಮರತಳು ಅಂದ್ರ ಯಾರಿಗೆ ನಷ್ಟ ಹೇಳು?"

ನಾನು ಸಹಿ ಮಾಡಿದೆ.

ಅವಳು ಕಟ್ಟೆಯ ಮೇಲೆ ನಿಂತು ಹಗ್ಗ ಎಳೆದುಕೊಳ್ಳುತ್ತಿದ್ದಳು. ಅವಳ ಭಾರಕ್ಕೇ ಕೀಲು ಬಂದಿರಬೇಕು.

ಇಂದ್ರಜಿತ


ಸಾಂಗಲಿ
25 ಜೂನ್ 1995

ಇಂದ್ರಜಿತ ಅವರಿಗೆ,

ಅಣ್ಣಾ ಅವರ ಪ್ರಶ್ನೆಗೆ ಉತ್ತರವಿದೆ. ನಷ್ಟವಾದದ್ದು ಕೇತಕಿಗೆ. ಪ್ರಾಣ ಹೋದ ಮೇಲೆ ಅವಳ ಬಳಿ ಉಳಿದಿದ್ದ ಆಸ್ತಿ ಒಂದೇ, ಅವಳ ಎಚ್ಚರ. ಅದನ್ನೂ ನೀವಿಬ್ಬರು ಸೇರಿ ಮೋಸಂಬಿ ಸುಲಿಯುತ್ತ ತೆಗೆದುಕೊಂಡಿರಿ.

ನಿಮ್ಮ ಪತ್ರ ಸತ್ಯವನ್ನು ಹೇಳುತ್ತದೆ, ಪೂರ್ತಿಯಾಗಿ ಅಲ್ಲ. "ಅವಳ ಭಾರಕ್ಕೇ ಬಂದಿರಬೇಕು." ಸಹಜವಾಗಿ ನಿಂತವಳು, ಕೈಯಲ್ಲಿ ಸಡಿಲ ಹಗ್ಗ ಎಳೆದುಕೊಳ್ಳುತ್ತಿದ್ದವಳು, ಅದೇ ಕ್ಷಣದಲ್ಲಿ ಕೀಲನ್ನು ಕಿತ್ತು ಕೆಳಗೆ ಬೀಳಲು ಕಾರಣವೇನು? ಯಾರು ತೂಗುಬಿದ್ದಿದ್ದರು ಎಂದು ಹೇಳಿದ್ದೀರಿ. ಯಾರು ಎಳೆದರು ಎಂದು ಹೇಳಿಲ್ಲ.

ಕಿತ್ತು ಬಂದ ಕೀಲು ಈಗ ಎಲ್ಲಿದೆ? ಅವಳ ಕೊಂಡಿಯೊಡನೆ ಅದೂ ಕೆಳಗೆ ಬಂದಿರಬೇಕು. ಮನೆಗೆ ಬಂದದ್ದು ಕೊಂಡಿ ಮಾತ್ರ. ಯಾರೋ ಬಿಚ್ಚಿಕೊಂಡಿದ್ದಾರೆ.

ಅದನ್ನು ನನಗೆ ಕಳಿಸಿ. ಮಾತನ್ನು ಕಳಿಸಬೇಡಿ.

ವಾ. ಖಾಂಬೇಟೆ


ಸಾಂಗಲಿ
14 ಆಗಸ್ಟ್ 1995

ಇಂದ್ರಜಿತ,

ಹಳೆಯ ಪಂಚೆಯಲ್ಲಿ ಸುತ್ತಿದ ಪೊಟ್ಟಣ ತಲುಪಿತು. ಪತ್ರವಿರಲಿಲ್ಲ. ಮಾತನ್ನು ಕಳಿಸಬೇಡಿ ಎಂದಿದ್ದೆ, ಪಾಲಿಸಿದ್ದೀಯೆ. ಏಕವಚನ ಬಳಸಿದ್ದನ್ನು ಗಮನಿಸಿರುತ್ತೀಯೆ. ಇದನ್ನು ಕಳಿಸಲು ನೀನು ಏನನ್ನು ದಾಟಿ ಬಂದಿರಬೇಕು ಎಂದು ಊಹಿಸಬಲ್ಲೆ, ಅದಕ್ಕಾಗಿ.

ಕೆಂಪು ಉಂಡೆಗೆ ಒಂದೇ ಕಣ್ಣು ಉಳಿದಿತ್ತು. ಊಟದ ಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಅತ್ತಿತ್ತ ಓಡಾಡಿದರೆ ನೋಡುತ್ತಲೇ ಇರುತ್ತಿತ್ತು. ಎರಡನೆಯ ದಿನ ಕೇತಕಿಯ ತಾಯಿ ಏನೂ ಹೇಳದೆ ಎತ್ತಿಕೊಂಡು ಹೋದಳು. ಹಿತ್ತಾಳೆಯ ಪಾತ್ರೆ ತೊಳೆಯುವಂತೆ ಬಿಸಿನೀರಿನಲ್ಲಿ ನೆನೆಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ಆ ಕವಚ ತೆಂಗಿನ ಚಿಪ್ಪಿನಂತೆ ಬಿರಿದು ಕಳಚಿತು. ಒಳಗಿದ್ದದ್ದನ್ನು ಅವಳು ಬೆರಳುಗಳ ನಡುವೆ ಹಿಡಿದು ನನ್ನ ಮುಂದೆ ನೀಡಿದಳು. ಗೋಣಿಚೀಲ ಹೊಲಿಯುವ ದಬ್ಬಣದಷ್ಟು ತೆಳ್ಳಗಿತ್ತು, ತುಕ್ಕಿನಿಂದ ತೂತುಬಿದ್ದಿತ್ತು.

"ಬಣ್ಣ ಇಷ್ಟು ದಪ್ಪ, ಕಬ್ಬಿಣ ಇಷ್ಟ ತೆಳ್ಳಗ" ಎಂದಳು. ಸೆರಗಿಗೆ ಕೈ ಒರೆಸಿಕೊಂಡು, "ಆ ಹುಡುಗ ಊಟಾ ಮಾಡ್ತಾನೋ ಇಲ್ಲೋ ಬರದು ಕೇಳ್ರಿ" ಎಂದಳು. ಆ ಮಾತಿಗೂ ವಿಷಯಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಅವಳು ಹೇಳಿದ್ದರಿಂದ ಬರೆದಿದ್ದೇನೆ.

ಅಣ್ಣಾ ಅವರಿಗೆ ನಾನು ಎಲ್ಲವನ್ನೂ ಬರೆದೆ. ಅವರ ಉತ್ತರ ಬಂದಿದೆ. ಅಕ್ಷರ ನಡುಗುತ್ತದೆ, ನಿಲುವು ನಡುಗುವುದಿಲ್ಲ. ಮೇಲಿನ ಕೀಲಿನ ಆಯುಷ್ಯ ತೀರಿತ್ತು, ಅದು ಜೋಗಿಣಿಯ ಇಚ್ಛೆ, ಕೆಳಗಿನ ಎರಡು ನಮ್ಮನ್ನು ಹೊತ್ತಂತೆ ಮಕ್ಕಳನ್ನೂ ಹೊರುತ್ತವೆ, ನವಮಿಗೆ ನೀವೂ ಅತಿಥಿಯಾಗಿ ಬನ್ನಿ, ಎಂದಿದ್ದಾರೆ.

ಒಂದೇ ವರ್ಷ, ಒಂದೇ ಕೈ, ಒಂದೇ ಕಬ್ಬಿಣ, ಒಂದೇ ಮಳೆ. ಮೂರರಲ್ಲಿ ಒಂದು ಹೀಗಿದ್ದರೆ ಉಳಿದೆರಡು ಹೇಗಿರಬೇಕು? ಆ ಮಕ್ಕಳು ಅವುಗಳಿಗೆ ತೂಗುಬೀಳಲಿದ್ದಾರೆ. ಪುಣೆಯ ಪೊಲೀಸರಿಗೆ ಬರೆದೆ. ಪ್ರಕರಣ ಮುಗಿದಿದೆ, ಬಂಡೆ ಏರುವುದು ಅಪರಾಧವಲ್ಲ ಎಂದರು. ಇಲ್ಲಿ ನನ್ನ ವಾದ ಮುಗಿಯುತ್ತದೆ. ಆ ಕೀಲುಗಳನ್ನು ಯಾರಾದರೂ ಬಡಿದು ನೋಡಬೇಕು. ಬಡಿಯಬಲ್ಲವನು ನೀನು.

ಯಾರು ಎಳೆದರು ಎಂದು ನಾನು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ವಾಸುದೇವ ಖಾಂಬೇಟೆ


ಜುನ್ನರ
7 ಸೆಪ್ಟೆಂಬರ್ 1995

ಕಾಕಾ,

ಎಳೆದವನು ನಾನು.

ಮೂರನೆಯ ಹಂತದ ಕೊನೆಯಲ್ಲಿ ಬಂಡೆ ಹೊಟ್ಟೆಯಂತೆ ಹೊರಗೆ ಬಾಗಿದೆ. ಕೈಗೆ ಬೆರಳ ತುದಿಯಷ್ಟು ಅಂಚು, ಕಾಲಿಗೆ ಏನೂ ಇಲ್ಲ. ಆ ಮೂಲೆಗೆ ಬಿಸಿಲು ಬೀಳುವುದಿಲ್ಲ, ಕಲ್ಲು ಬೆವರುತ್ತಿತ್ತು. ಕೇತಕಿ ಆ ಜಾಗವನ್ನು ಬೈಯುತ್ತ ಬೈಯುತ್ತ ದಾಟಿದ್ದಳು. ನನ್ನ ತೋಳುಗಳು ಕಲ್ಲಾಗಿದ್ದವು.

"ಹಗ್ಗ ಬಿಗಿ ಹಿಡಿ, ನನ್ನ ಕೈ ಹೋಗ್ಲಿಕ್ಕತ್ತಾವ" ಎಂದೆ.

"ಬಿಗಿ ಅದ. ಜೋತು ಬೀಳು. ನಾ ಇದ್ದೀನಿ."

ನಾನು ಕೈ ಬಿಟ್ಟೆ. ಕಾಕಾ, ಅದೇನೂ ಬೀಳುವುದಲ್ಲ. ಹಿಂದೆ ಏರುವವನು ದಣಿದಾಗ ಹಗ್ಗಕ್ಕೆ ಜೋತುಬಿದ್ದು ಸುಧಾರಿಸಿಕೊಳ್ಳುತ್ತಾನೆ. ಎಷ್ಟೋ ಬಾರಿ ಹಾಗೆ ಮಾಡಿದ್ದೇನೆ. ಅಂದು ಹಗ್ಗ ಒಂದು ಕ್ಷಣ ಹಿಡಿಯಿತು. ಆಮೇಲೆ ಮೇಲಿಂದ ಒಣಕೊಂಬೆ ಮುರಿದಂಥ ಸದ್ದು ಬಂತು. ಅವಳು ನನ್ನ ಪಕ್ಕದಿಂದಲೇ ಹೋದಳು. ಮೇಲೇರುವಾಗ ಅವಳು ಕಲ್ಲಿನ ಕೊಂಬಿಗೆ ಹಾಕಿದ್ದ ನೂಲಿನ ಪಟ್ಟಿಯಲ್ಲಿ ಹಗ್ಗ ನಿಂತಿತು. ನನ್ನನ್ನು ಮೇಲಕ್ಕೆಳೆದು ಕೊಂಬಿಗೆ ಅಪ್ಪಳಿಸಿತು. ಅವಳು ಕೆಳಗಡೆ, ಬಾಗಿದ ಬಂಡೆಯ ಮರೆಯಲ್ಲಿ. ಕಾಣುತ್ತಿರಲಿಲ್ಲ. ಹಗ್ಗ ಮಾತ್ರ ಮೆಲ್ಲಗೆ ತಿರುಗುತ್ತಿತ್ತು.

ಅವಳು ಏನೂ ಅನ್ನಲಿಲ್ಲ ಎಂದು ಬರೆದಿದ್ದೆ. ಅಂದಳು.

"ಇಂದ್ಯಾ, ಕಟ್ಟಿಕೊಂಡೀಯೇನು?"

ಹೂಂ ಎಂದೆ. ಪಟ್ಟಿಗೆ ಕಟ್ಟಿಕೊಂಡೆ. ಆಮೇಲೆ ನಾನೆಷ್ಟು ಕೂಗಿದರೂ ಮಾತಿಲ್ಲ. ಅವಳನ್ನು ಮೇಲಕ್ಕೆಳೆಯಲು ಒಂದೇ ಕೈ ಸಾಲಲಿಲ್ಲ. ನಾನು ಹೂಂ ಅನ್ನದೇ ಇದ್ದಿದ್ದರೆ ಅವಳು ಇನ್ನೊಮ್ಮೆ ಕೇಳುತ್ತಿದ್ದಳು, ಇನ್ನೊಂದಿಷ್ಟು ಹೊತ್ತು ಉಳಿಯುತ್ತಿದ್ದಳು, ಎಂದು ಅನ್ನಿಸುತ್ತದೆ. ಇದಕ್ಕೆ ಪುರಾವೆ ಇಲ್ಲ.

ನಿಮ್ಮ ಪತ್ರ ಹಿಡಿದು ಅಣ್ಣಾ ಹತ್ತಿರ ಹೋಗಿದ್ದೆ.

"ಸುತ್ತಿಗಿ ತಗೊಂಡು ದೇವರಿಗೆ ಹೊಡೀತೀಯೇನೋ? ನಿಮ್ಮ ಕಾಕಾ ನಿನ್ನ ಬಾಯಾಗ ಕೂತು ಮಾತಾಡ್ತಾನ."

"ಅಣ್ಣಾ, ಒಂದೇಟು. ಗಟ್ಟಿ ಇದ್ರ ಗಟ್ಟಿ ಅಂತದ."

"ನನ್ನ ಜೀವನ ಪೂರಾ ಆ ಮೂರು ಕೀಲದಾಗ ಅದನೋ. ಅದನ್ನ ಬಡದು ನೋಡ್ತೀಯೇನು?" ಎಂದು ಬಾಗಿಲು ಹಾಕಿಕೊಂಡರು. ಅವರ ಕಣ್ಣಲ್ಲಿ ಭಯ ಕಂಡೆ. ಅವರಿಗೆ ಗೊತ್ತಿದೆ.

ನಿರ್ಧರಿಸಿದ್ದೇನೆ. ನವಮಿಯ ಬೆಳಿಗ್ಗೆ ಮಂಡಳಿಯವರೆಲ್ಲ ಕಣಿವೆಯ ಊರ ಗುಡಿಯಲ್ಲಿ ಪೂಜೆಗೆ ಸೇರುವ ಹೊತ್ತಿಗೆ ನಾನು ಬಂಡೆಯ ಮೇಲಿರುತ್ತೇನೆ. ಕೇತಕಿಯ ಸುತ್ತಿಗೆಯೂ ಬೈರಿಗೆಯೂ ನನ್ನಲ್ಲೇ ಉಳಿದಿವೆ. ಕೆಳಗಿನ ಎರಡೂ ಕೀಲುಗಳನ್ನು ಬಡಿದು ನೋಡುತ್ತೇನೆ. ಒಬ್ಬನೇ ಹೋಗುತ್ತೇನೆ. ನನ್ನ ಹಗ್ಗದ ಇನ್ನೊಂದು ತುದಿಗೆ ಯಾರನ್ನೂ ಕಟ್ಟುವುದಿಲ್ಲ. ಒಂದು ಕೀಲು ನನ್ನ ಭಾರಕ್ಕೆ ಬಂತು. ಉಳಿದೆರಡನ್ನೂ ನನ್ನ ಭಾರವೇ ಪರೀಕ್ಷಿಸಲಿ.

ಕಾಕೂ ಕೇಳಿದ್ದಕ್ಕೆ ಉತ್ತರ: ಊಟ ಮಾಡುತ್ತೇನೆ ಎಂದು ಹೇಳಿ.

ಇದಕ್ಕೆ ಉತ್ತರ ಬರೆಯಬೇಡಿ.

ಇಂದ್ರಜಿತ


ಸಾಂಗಲಿ
10 ಸೆಪ್ಟೆಂಬರ್ 1995

ಚಿರಂಜೀವಿ ಇಂದ್ರಜಿತ,

ಬೇಡ. ಒಬ್ಬನೇ ಬೇಡ.

ನೀನು ಜೋತುಬಿದ್ದೆ. ಅದು ಅಪರಾಧವಲ್ಲ. ಹಗ್ಗ ಇರುವುದೇ ಅದಕ್ಕಾಗಿ, ಕೀಲು ಇರುವುದೂ ಅದಕ್ಕಾಗಿ. ಜೋತು ಬೀಳು ಎಂದು ಅವಳೇ ಹೇಳಿದಳು. ನಾನು ಪ್ರಶ್ನೆ ಕೇಳಿದ್ದು ಉತ್ತರಕ್ಕಾಗಿ, ನಿನ್ನ ಪ್ರಾಣಕ್ಕಾಗಿ ಅಲ್ಲ. ಬಡಿದು ನೋಡುವುದು ಬೇರೆ, ನಿನ್ನ ಭಾರ ಹಾಕಿ ನೋಡುವುದು ಬೇರೆ. ಕೊನೆಯ ಸಾಲುಗಳಲ್ಲಿ ನೀನು ಎರಡನ್ನೂ ಬೆರೆಸಿದ್ದೀಯೆ. ನಿನ್ನ ಕಾಕೂಗೆ ಆ ಸಾಲುಗಳನ್ನು ಓದಿ ಹೇಳಲಿಲ್ಲ. ಅವಳು ಕಾಗದವನ್ನು ಕೈಯಿಂದ ಇಸಿದುಕೊಂಡು ತಾನೇ ಓದಿದಳು. ಆಗಿನಿಂದ ನನ್ನೊಡನೆ ಮಾತಿಲ್ಲ.

ಮರು ಟಪಾಲಿಗೆ ಉತ್ತರ ಬರೆ. ಒಂದು ಸಾಲು ಸಾಕು.

ವಾ.


ಸಾಂಗಲಿ
28 ಸೆಪ್ಟೆಂಬರ್ 1995

ಗಿರಿವಾಟ ಮಂಡಳಿಯ ಸದಸ್ಯರಿಗೆ,
(ನವಮಿಯ ಬೆಳಿಗ್ಗೆ ಊರ ಗುಡಿಯ ಮುಂದೆ, ಅಣ್ಣಾ ಕಾರಖಾನೀಸರೇ ಓದಿ ಹೇಳಬೇಕೆಂದು ವಿನಂತಿ)

ಮತ್ತೊಮ್ಮೆ ಸೇರಿದ್ದೀರಿ. ಕೃತಜ್ಞತೆ. ಈ ಬಾರಿ ನಿಮ್ಮ ಮುಂದೆ ಹಗ್ಗಗಳಿವೆ, ಸುತ್ತಿಗೆಗಳಿವೆ, ಚೆಂಡು ಹೂವಿದೆ, ಮೊದಲ ಬಾರಿ ಏರಲು ಬಂದ ಮಕ್ಕಳಿದ್ದಾರೆ. ಅವರ ಹೆಸರುಗಳು ನನಗೆ ಗೊತ್ತಿಲ್ಲ. ಈ ಪತ್ರ ಮುಖ್ಯವಾಗಿ ಅವರಿಗಾಗಿ.

ಮಕ್ಕಳೇ, ನನ್ನ ಮಗಳು ಕೇತಕಿ ತನ್ನನ್ನು ಕಟ್ಟಿಕೊಂಡಿದ್ದಳು. ಅವಳು ಕಟ್ಟಿಕೊಂಡಿದ್ದ ಕೀಲು ಕಿತ್ತು ಬಂತು. ಈ ಲಕೋಟೆಯ ಜೊತೆಗಿರುವ ಡಬ್ಬಿಯನ್ನು ತೆರೆದು ನೋಡಿ. ಕೆಂಪು ಚಿಪ್ಪು ಒಂದು ಕಡೆ ಇದೆ, ಅದರೊಳಗಿದ್ದ ಕಬ್ಬಿಣ ಇನ್ನೊಂದು ಕಡೆ ಇದೆ. ಕೈಯಿಂದ ಕೈಗೆ ದಾಟಿಸಿ. ಅಣ್ಣಾ ಓದುವುದನ್ನು ಇಲ್ಲಿಗೆ ನಿಲ್ಲಿಸಿದರೆ ನಿಮ್ಮಲ್ಲಿ ಯಾರಾದರೂ ಎತ್ತಿಕೊಂಡು ಮುಂದೆ ಓದಿ.

ಅಣ್ಣಾ, ನಿಮ್ಮನ್ನು ನಾನು ಕೊಲೆಗಾರನೆಂದು ಕರೆಯುವುದಿಲ್ಲ. ಯಾರೂ ಹೋಗದ ಕಡೆ ನೀವು ಹೋದಿರಿ, ಹಿಂದೆ ಬರುವವರಿಗೆಂದು ಕಬ್ಬಿಣ ಹೊಡೆದಿರಿ. ಆಮೇಲೆ ಜನ ಅದರ ಮೇಲೆ ಭಕ್ತಿಯನ್ನು ಮೆತ್ತಿದರು, ನೀವು ಬೇಡ ಎನ್ನಲಿಲ್ಲ. ಭಕ್ತಿ ಹೊರಗಿನಿಂದ ದಪ್ಪವಾಯಿತು, ಕಬ್ಬಿಣ ಒಳಗಿನಿಂದ ತೆಳುವಾಯಿತು. ಕೆಳಗಿನ ಎರಡು ಗಟ್ಟಿಯಾಗಿವೆ ಎಂಬುದು ನಿಮ್ಮ ಪಕ್ಷ. ಇರಬಹುದು. ಹಾಗಿದ್ದರೆ ಇಂದೇ ಗೊತ್ತಾಗುತ್ತದೆ. ನಾನು ಸೋತರೆ ಇದೇ ಗುಡಿಯ ಮುಂದೆ ಬಂದು ಸೋಲನ್ನು ಒಪ್ಪಿ, ನನ್ನ ಕೈಯಿಂದಲೇ ಸಿಂಧೂರ ಹಚ್ಚುತ್ತೇನೆ.

ಹತ್ತರಂದು ನಾನು ಇಂದ್ರಜಿತನಿಗೆ ಬರೆದ ಪತ್ರ ಹಿಂದಿರುಗಿ ಬಂದಿದೆ. ಮನೆಗೆ ಬೀಗ ಹಾಕಿದೆ ಎಂದು ಅಂಚೆಯವನು ಬರೆದಿದ್ದಾನೆ. ರಜೆಯ ಅರ್ಜಿಯಲ್ಲಿ ಮರಳುವ ದಿನವನ್ನು ನಮೂದಿಸಿಲ್ಲ ಎಂದು ಅವನ ಶಾಲೆಯವರು ತಿಳಿಸಿದ್ದಾರೆ. ಅವನು ಎಲ್ಲಿರುತ್ತಾನೆಂಬುದು ನನಗೆ ಗೊತ್ತು. ಅಣ್ಣಾ ಇದನ್ನು ಓದುತ್ತಿರುವಾಗ ಅವನು ಬಂಡೆಯ ಬುಡದಲ್ಲಿ ಒಬ್ಬನೇ ಹಗ್ಗ ಬಿಚ್ಚುತ್ತಿರುತ್ತಾನೆ, ಅಥವಾ ಆ ಬಾವಲಿಯ ಬಿರುಕಿನ ಕೆಳಗೆ ನಿಂತಿರುತ್ತಾನೆ.

ಅವನು ಒಬ್ಬನೇ ಎಂದು ತಿಳಿದಿದ್ದಾನೆ.

ಕಳೆದ ಎರಡು ವಾರಗಳಿಂದ ಹಿತ್ತಲಿನ ಬೇವಿನ ಮರದ ಕೊಂಬೆಯಿಂದ ಜೋಳದ ಚೀಲವನ್ನು ಬೀಳಿಸಿ, ಕೇತಕಿಯ ಹಳೆಯ ಹಗ್ಗದಲ್ಲಿ ಹಿಡಿದು ಅಭ್ಯಾಸ ಮಾಡಿದ್ದೇನೆ. ಚೀಲವನ್ನು ಬೀಳಿಸುತ್ತಿದ್ದವಳು ಅವಳ ತಾಯಿ. ಯಾಕೆಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಮೊದಲ ದಿನ ಅಂಗೈ ಸುಲಿಯಿತು. ಈಗ ಚೀಲ ನೆಲ ಮುಟ್ಟುವುದಿಲ್ಲ. ಹಗ್ಗ ಹಿಡಿದ ಕೈಯನ್ನು ಮೂಗು ತುರಿಸಿದರೂ ಬಿಡಬಾರದು ಎಂದು ನನ್ನ ಮಗಳು ಕಲಿಸಿದ್ದು ಕೈಗೆ ಇನ್ನೂ ನೆನಪಿದೆ. ನನ್ನ ಪತ್ರಿಕೆ ಈಗ ಮನೆಯೊಳಗೆ ಉಳಿಯುತ್ತದೆ.

ನಿಮ್ಮ ಅನುಕಂಪವನ್ನು ಅಂದು ಬೇಡ ಎಂದಿದ್ದೆ. ಇಂದು ನಿಮ್ಮ ಸಲಹೆಯೂ ಬೇಡ. ನನ್ನ ವಯಸ್ಸನ್ನು ನೆನಪಿಸುವ ಮಾತುಗಳು ನಿಮ್ಮ ಬಾಯಲ್ಲಿವೆ ಎಂದು ಬಲ್ಲೆ, ಅವುಗಳಿಗೆ ನನ್ನಲ್ಲಿ ಖಂಡನೆ ಇಲ್ಲ. ನೀವು ಮಾಡಬೇಕಾದದ್ದು ಒಂದೇ. ಮಂಗಳಾರತಿಯ ಜಾಗಟೆ ಬಾರಿಸಬೇಡಿ. ಮಕ್ಕಳನ್ನು ಇದ್ದಲ್ಲೇ ಕೂರಿಸಿಕೊಂಡು ಬಂಡೆಯ ಕಡೆಗೆ ಕಿವಿಗೊಡಿ. ಗಟ್ಟಿ ಕಬ್ಬಿಣಕ್ಕೆ ಸುತ್ತಿಗೆ ಬಿದ್ದರೆ ಕಣಿವೆಯುದ್ದ ಗಂಟೆಯಂಥ ಸದ್ದು ಬರುತ್ತದೆ. ಸತ್ತ ಕಬ್ಬಿಣಕ್ಕೆ ಬಿದ್ದರೆ ಏನು ಬರುತ್ತದೆಂದು ಅಣ್ಣಾ ಅವರಿಗೆ ಗೊತ್ತು. ಆ ಸದ್ದು ಯಾವುದೆಂದು ಅವರೇ ನಿಮಗೆ ಹೇಳಲಿ.

ನನ್ನ ನಿರ್ಧಾರವನ್ನು ಯಾರೊಡನೆಯೂ ಚರ್ಚಿಸಿಲ್ಲ. ಇಂದ್ರಜಿತನಿಗೂ ತಿಳಿಸಿಲ್ಲ. ಅವನಿಗಿಂತ ಮೊದಲು ನಾನು ಜೋಗಿಣಿಯ ಬುಡದಲ್ಲಿರುತ್ತೇನೆ. ಅವನು ಬಂದಾಗ ಅವನ ಹಗ್ಗದ ಖಾಲಿ ತುದಿಯನ್ನು ಎತ್ತಿಕೊಂಡು ನನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ. ಬೇಡ ಎನ್ನುತ್ತಾನೆ. ವಾದಿಸುವುದಿಲ್ಲ. ಅವನ ಗಂಟು ನೋಡಿ, ನನ್ನ ಗಂಟು ನೋಡಿ, ಒಂದೇ ಪ್ರಶ್ನೆ ಕೇಳುತ್ತೇನೆ.

"ಇಂದ್ಯಾ, ಕಟ್ಟಿಕೊಂಡೀಯೇನು?"

ಅವನು ಹೂಂ ಎನ್ನುವವರೆಗೂ ಹಗ್ಗ ಬಿಡುವುದಿಲ್ಲ. ಎಂದ ಮೇಲೂ ಬಿಡುವುದಿಲ್ಲ.

ವಾಸುದೇವ ಖಾಂಬೇಟೆ